ಸ್ಕ್ಯಾನ್ ಆಗಿದೆ, ಪ್ರತಿ ಸಿಗುತ್ತಿಲ್ಲ: ಹಸ್ತಪ್ರತಿ ಭಂಡಾರದಿಂದ ಕೆಲಸಕ್ಕೆ ಬರುವ ನಕಲು ಪಡೆಯುವ ಬಗೆ

2025ರ ಫೆಬ್ರುವರಿ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ‘ಜ್ಞಾನ ಭಾರತಂ’ ಮಿಷನ್ ಘೋಷಿಸಿತು. ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ದಾಖಲಾತಿ, ಸಂರಕ್ಷಣೆ ಅದರ ಗುರಿ. ಹಸ್ತಪ್ರತಿ ಮಿಷನ್ನಿಗೆ ಇಡುತ್ತಿದ್ದ ಹಣ 3.5 ಕೋಟಿ ರೂಪಾಯಿಯಿಂದ ಒಮ್ಮೆಲೇ 60 ಕೋಟಿಗೆ ಏರಿತು. ಸುದ್ದಿ ಒಳ್ಳೆಯದೇ. ಆದರೆ 2003ರಿಂದ ನಡೆದ ರಾಷ್ಟ್ರೀಯ ಹಸ್ತಪ್ರತಿ ಮಿಷನ್ನಿನ ಲೆಕ್ಕವನ್ನು ಒಮ್ಮೆ ನೋಡಬೇಕು. ಸರ್ಕಾರವೇ ಕೊಟ್ಟ ಅಂಕಿಗಳಂತೆ ವಿವರ ದಾಖಲಾದ ಹಸ್ತಪ್ರತಿಗಳು 52 ಲಕ್ಷ, ಸ್ಕ್ಯಾನ್ ಆದವು ಸುಮಾರು 3.5 ಲಕ್ಷ, ಜಾಲತಾಣಕ್ಕೆ ಏರಿದವು 1.35 ಲಕ್ಷ, ಯಾರು ಬೇಕಾದರೂ ತೆರೆದು ಓದಬಹುದಾದವು 76 ಸಾವಿರ. ಅಂದರೆ ಸ್ಕ್ಯಾನ್ ಆದವುಗಳಲ್ಲೇ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಓದುಗರ ಕೈಗೆ ಬಂದಿಲ್ಲ.

ಹೀಗಾಗಿ ಕ್ಯಾಮೆರಾ ಎಷ್ಟೇ ಬಂದರೂ, ಗ್ರಂಥಸಂಪಾದನೆ ಮಾಡುವವರು, ಪಿಎಚ್.ಡಿ ವಿದ್ಯಾರ್ಥಿಗಳು, ಊರಿನ ಚರಿತ್ರೆ ಬರೆಯುವವರು ಈಗಲೂ ಭಂಡಾರದ ಬಾಗಿಲಿಗೆ ಹೋಗಿ ಅರ್ಜಿ ಕೊಟ್ಟೇ ಪ್ರತಿ ಪಡೆಯಬೇಕು. ಆ ಅರ್ಜಿಗಳಲ್ಲಿ ಬಹಳಷ್ಟು ವಾಪಸು ಬರುತ್ತವೆ, ಇಲ್ಲವೇ ಕೆಲಸಕ್ಕೆ ಬಾರದ ಚಿತ್ರಗಳಾಗಿ ಕೈಸೇರುತ್ತವೆ. ಸಿಬ್ಬಂದಿ ಸಹಕರಿಸಲಿಲ್ಲ ಎಂದು ದೂರುವುದು ವಾಡಿಕೆ. ಅದೂ ಕೆಲವೆಡೆ ನಿಜ. ಆದರೆ ಹೆಚ್ಚಿನ ಸಲ ತೊಡಕು ಹುಟ್ಟುವುದು ಅದಕ್ಕೂ ಮೊದಲು: ಸೂಚಿಯಲ್ಲಿ ಏನು ಬರೆದಿದೆ, ಅರ್ಜಿಯಲ್ಲಿ ಏನು ಕೇಳಿದ್ದೀರಿ, ಷರತ್ತುಗಳು ಎಲ್ಲಿ ಬರಹದಲ್ಲಿವೆ ಎಂಬ ಮೂರು ಜಾಗಗಳಲ್ಲಿ.

ಸೂಚಿ ಹೇಳುವುದು, ಕಟ್ಟಿನೊಳಗೆ ಇರುವುದು

ಓಲೆಗರಿಯ ಒಂದು ಕಟ್ಟು ಒಂದು ಪುಸ್ತಕವಲ್ಲ. ಮೊದಲ ನಲವತ್ತು ಗರಿಗಳಲ್ಲಿ ಕಾವ್ಯದ ಕೆಲವು ಸಂಧಿಗಳು, ನಡುವೆ ಹತ್ತು ಗರಿ ವೈದ್ಯ, ಕೊನೆಗೆ ಯಾರದೋ ಸಾಲದ ಲೆಕ್ಕ – ಹೀಗೆ ಇರುವುದೇ ಹೆಚ್ಚು. ಹಳೆಯ ಸೂಚಿಗಳನ್ನು ಮಾಡಿದವರಿಗೆ ಸಮಯವೂ ಹಣವೂ ಕಡಿಮೆ. ಅವರು ಮೊದಲ ಕೃತಿಯ ಹೆಸರನ್ನು ಬರೆದು ಮುಂದಿನ ಕಟ್ಟಿಗೆ ಹೋಗಿರುತ್ತಾರೆ. ಹೀಗಾಗಿ ಕೃತಿಯ ಹೆಸರು ಹೇಳಿ ‘ಇದರ ಪ್ರತಿ ಬೇಕು’ ಎಂದರೆ ಎರಡು ಅಪಾಯ. ಒಂದು, ಅದು ಇದ್ದರೂ ‘ನಮ್ಮಲ್ಲಿಲ್ಲ’ ಎಂಬ ಉತ್ತರ. ಇನ್ನೊಂದು, ಬೇಡದ ಇನ್ನೂರು ಗರಿಗಳಿಗೆ ದುಡ್ಡು.

ಮುದ್ರಿತ ವರ್ಣನಾತ್ಮಕ ಸೂಚಿಯ ಸಂಪುಟಗಳನ್ನೇ ಮೊದಲು ನೋಡಬೇಕು. ಗಣಕದ ಸೂಚಿ ಅವುಗಳಿಂದ ಎತ್ತಿಕೊಂಡ ಚುಟುಕು, ಅಷ್ಟೆ. ವರ್ಣನಾತ್ಮಕ ಸೂಚಿಯಲ್ಲಿ ಕೃತಿಯ ಆದಿ, ಅಂತ್ಯ, ಪುಷ್ಪಿಕೆಯ (ಪ್ರತಿ ಮುಗಿಯುವಲ್ಲಿ ಬರುವ ಸಮಾಪ್ತಿಯ ಮಾತು) ಸಾಲುಗಳು, ಗರಿಯ ಅಳತೆ, ಪ್ರತಿ ಬದಿಯಲ್ಲಿ ಎಷ್ಟು ಸಾಲು, ಲಿಪಿ, ಪ್ರತಿ ಪೂರ್ಣವೋ ಅಪೂರ್ಣವೋ ಎಂಬುದೆಲ್ಲ ಇರುತ್ತದೆ. ಲಿಪಿಯನ್ನಂತೂ ಖಂಡಿತ ನೋಡಿಕೊಳ್ಳಬೇಕು. ಕರಾವಳಿಯ ಎಷ್ಟೋ ಸಂಸ್ಕೃತ ಕೃತಿಗಳು ತಿಗಳಾರಿಯಲ್ಲಿವೆ, ಮಾಧ್ವ ಗ್ರಂಥಗಳು ನಂದಿನಾಗರಿಯಲ್ಲೂ ಸಿಗುತ್ತವೆ. ಚಿತ್ರಗಳು ಕೈಗೆ ಬಂದ ಮೇಲೆ ‘ಇದು ಓದಲು ಬರುವುದಿಲ್ಲ’ ಎಂದು ಗೊತ್ತಾದರೆ ಆ ಖರ್ಚು ವಾಪಸಾಗುವುದಿಲ್ಲ. ತಿಗಳಾರಿಗೆ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದೇ 2024ರ ಸೆಪ್ಟೆಂಬರ್‌ನ 16ನೇ ಆವೃತ್ತಿಯಲ್ಲಿ. ಯಂತ್ರ ಓದಿಕೊಡುತ್ತದೆ ಎಂಬ ಭರವಸೆಯಲ್ಲಿ ಕೂರುವ ಹಾಗಿಲ್ಲ.

ಕನ್ನಡದ ಸಾಮಗ್ರಿ ಒಂದೇ ಊರಿನಲ್ಲೂ ಇಲ್ಲ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ (1891ರಲ್ಲಿ ಓರಿಯಂಟಲ್ ಲೈಬ್ರರಿಯಾಗಿ ಹುಟ್ಟಿದ್ದು, ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿ ದೊರೆತದ್ದು ಇಲ್ಲಿಯೇ), ಅದೇ ವಿಶ್ವವಿದ್ಯಾಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, ಧಾರವಾಡ, ಹಂಪಿ, ಮೂಡಬಿದಿರೆ, ಮಠಗಳು ಎಲ್ಲರಿಗೂ ಗೊತ್ತು. ಈಸ್ಟ್ ಇಂಡಿಯಾ ಕಂಪನಿಯ ಸರ್ವೇ ಅಧಿಕಾರಿ ಕರ್ನಲ್ ಮೆಕೆಂಜಿ ಕೂಡಿಸಿದ ಕೈಫಿಯತ್ತುಗಳು (ಊರೂರಿನ ಚರಿತ್ರೆಯ ಬರಹಗಳು) ಬೇಕಿದ್ದರೆ ಚೆನ್ನೈನ ಸರ್ಕಾರಿ ಪೌರ್ವಾತ್ಯ ಹಸ್ತಪ್ರತಿ ಗ್ರಂಥಾಲಯಕ್ಕೆ ಹೋಗಬೇಕು. ಅವನ ಸಂಗ್ರಹದ ಇನ್ನೊಂದು ಭಾಗ ಲಂಡನ್ನಿನಲ್ಲಿದೆ. 19ನೇ ಶತಮಾನದ ಮುದ್ರಿತ ಕನ್ನಡ ಪುಸ್ತಕ ಹುಡುಕುವವರು ಎಲ್. ಡಿ. ಬಾರ್ನೆಟ್ 1910ರಲ್ಲಿ ಬ್ರಿಟಿಷ್ ಮ್ಯೂಸಿಯಂಗಾಗಿ ಮಾಡಿದ ಕನ್ನಡ, ಬಡಗ, ಕೊಡಗು ಪುಸ್ತಕಗಳ ಸೂಚಿಯನ್ನು ನೋಡದೆ ಬಿಡಬಾರದು. ಬಾಸೆಲ್ ಮಿಷನ್ನಿನ ಕಾಗದಪತ್ರ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದೆ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಬಾಸೆಲ್ ಮಿಷನರಿ ಹರ್ಮನ್ ಗುಂಡರ್ಟ್ ಸಂಗ್ರಹವನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿದೆ, ಅದರಲ್ಲಿ ಮಲಯಾಳಂ ಜೊತೆಗೆ ಕನ್ನಡ, ತುಳು ಮುದ್ರಣಗಳೂ ಇವೆ. ಅರ್ಜಿ ಬರೆಯುವ ಮೊದಲು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಒಮ್ಮೆ ಜಾಲಾಡುವುದು ಕಡ್ಡಾಯ: ಹೆಸರನ್ನು ಕನ್ನಡದಲ್ಲೂ, ರೋಮನ್ ಲಿಪಿಯಲ್ಲಿ ನಾಲ್ಕಾರು ತಪ್ಪು ಕಾಗುಣಿತಗಳಲ್ಲೂ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಅಲ್ಲಿಗೆ ಬಂದ ಕನ್ನಡ ಪುಸ್ತಕಗಳ ಶೀರ್ಷಿಕೆಗಳನ್ನು ಯಾರು ಬೆರಳಚ್ಚು ಮಾಡಿದರೋ, ಸರಿಯಾದ ಕಾಗುಣಿತದಲ್ಲಿ ಹುಡುಕಿದರೆ ಅರ್ಧವೂ ಸಿಗುವುದಿಲ್ಲ.

ಅರ್ಜಿಯ ಒಂದು ಪ್ಯಾರಾ

‘ಸಂಶೋಧನೆಗಾಗಿ ಹಸ್ತಪ್ರತಿಯ ನಕಲು ಒದಗಿಸಬೇಕಾಗಿ ಕೋರಿಕೆ’ ಎಂದಷ್ಟೇ ಬರೆದ ಅರ್ಜಿ ಮೇಜಿನ ಮೇಲೆ ಕೂತುಬಿಡುತ್ತದೆ. ಕಾರಣ ಸರಳ. ಅದನ್ನು ಓದಿದ ಗ್ರಂಥಪಾಲಕರು ಇನ್ನೂ ಆರು ಪ್ರಶ್ನೆ ಕೇಳಬೇಕು, ಕೇಳಲು ಅವರಿಗೆ ಪುರುಸೊತ್ತಿಲ್ಲ. ಕೆಲಸವಾಗುವ ಅರ್ಜಿಯ ನಡುವಿನ ಪ್ಯಾರಾ ಹೆಚ್ಚುಕಡಿಮೆ ಹೀಗಿರುತ್ತದೆ:

‘ಹಸ್ತಪ್ರತಿ ಸಂಖ್ಯೆ ಇಂಥದು, ವರ್ಣನಾತ್ಮಕ ಸೂಚಿ ಇಂಥ ಸಂಪುಟ, ಇಂಥ ಪುಟ. ಗರಿ 41ಅ ಯಿಂದ 63ಬ ವರೆಗೆ, ಎರಡೂ ಬದಿ, ಬರಹವಿಲ್ಲದ ಬದಿಯೂ ಸೇರಿ, ಒಟ್ಟು 46 ಚಿತ್ರಗಳು. ಜೊತೆಗೆ ಕಟ್ಟಿನ ಮೊದಲ ಮತ್ತು ಕೊನೆಯ ಗರಿ, ಹಲಗೆಯ ಮೇಲೆ ಬರಹವಿದ್ದರೆ ಅದೂ. ಬಣ್ಣದಲ್ಲಿ, ಗರಿಯ ಅಳತೆಗೆ 400 ಪಿಪಿಐ (ಇಂಚಿಗೆ 400 ಪಿಕ್ಸೆಲ್), ಅಳತೆಪಟ್ಟಿ ಮತ್ತು ಬಣ್ಣಪಟ್ಟಿ ಇಟ್ಟು, ಟಿಫ್ (ಕುಗ್ಗಿಸದ ಚಿತ್ರ) ಕಡತಗಳಾಗಿ. ಉದ್ದೇಶ: ಪಾಠಾಂತರ (ಪ್ರತಿಯಿಂದ ಪ್ರತಿಗೆ ಬದಲಾಗುವ ಪದ, ಸಾಲು) ಗುರುತಿಸಲು ಸ್ವಂತ ಅಧ್ಯಯನ. ಮುಂದೆ ಚಿತ್ರವನ್ನೇ ಪ್ರಕಟಿಸಬೇಕಾಗಿ ಬಂದರೆ ಬೇರೆ ಅನುಮತಿ ಕೇಳುತ್ತೇನೆ. ಒಟ್ಟು ವೆಚ್ಚವನ್ನು ಮುಂಚೆ ತಿಳಿಸಿದರೆ ಹಣ ಕಟ್ಟಿ ರಸೀದಿ ಕಳಿಸುತ್ತೇನೆ.’

ಇದರಲ್ಲಿ ಪ್ರತಿಯೊಂದು ತುಣುಕಿಗೂ ಕೆಲಸವಿದೆ. ಬರಹವಿಲ್ಲದ ಬದಿಯನ್ನೂ ಕೇಳುವುದು ಯಾಕೆಂದರೆ, ಅದು ಖಾಲಿ ಎಂದು ಬಿಟ್ಟರೋ, ತೆಗೆಯಲು ಮರೆತರೋ ಎಂಬುದು ಆಮೇಲೆ ಗೊತ್ತಾಗುವುದಿಲ್ಲ. ಮೊದಲ, ಕೊನೆಯ ಗರಿಯಲ್ಲಿ ಲಿಪಿಕಾರನ ಹೆಸರು, ಸಂವತ್ಸರ, ಯಾರ ಮನೆಯ ಪ್ರತಿ ಎಂಬ ಮಾತು ಇರುವ ಸಾಧ್ಯತೆ ಹೆಚ್ಚು. ಸಂಖ್ಯೆಯಂತೂ ಗರಿಯ ಒಂದೇ ಬದಿಯಲ್ಲಿ, ಅಂಚಿನಲ್ಲಿ, ಕನ್ನಡ ಅಂಕಿಯಲ್ಲಿ ಇರುವುದರಿಂದ ‘ಅ’, ‘ಬ’ ಎಂದು ಬದಿಯನ್ನು ಹೆಸರಿಸದೆ ‘ಪುಟ 41’ ಎಂದರೆ ಗೊಂದಲ. ಕಾಲಾಂತರದಲ್ಲಿ ಗರಿಗಳು ಹಿಂದೆಮುಂದಾಗಿ ಪೋಣಿಸಿದ ಕಟ್ಟುಗಳೂ ಇವೆ. ಆಗ ‘ಈಗಿರುವ ಕ್ರಮದಲ್ಲೇ ಚಿತ್ರ ತೆಗೆಯಿರಿ, ಜೋಡಿಸಬೇಡಿ’ ಎಂದು ಬರೆಯುವುದೇ ಜಾಣತನ. ಸರಿಯಾದ ಕ್ರಮವನ್ನು ಸಂಪಾದಕರು ಪಠ್ಯ ನೋಡಿ ಹಚ್ಚಿಕೊಳ್ಳಬಹುದು. ಆತುರದಲ್ಲಿ ಬೇರೆಯವರು ಜೋಡಿಸಿದ್ದನ್ನು ಬಿಡಿಸುವುದು ಕಷ್ಟ.

ನಮ್ಮ ವಿಶ್ವವಿದ್ಯಾಲಯದ ಸಂಸ್ಥೆಗಳಲ್ಲಿ ಇದರ ಜೊತೆ ಮಾರ್ಗದರ್ಶಕರ ಅಥವಾ ವಿಭಾಗದ ಮುಖ್ಯಸ್ಥರ ಪತ್ರ, ಗುರುತಿನ ಚೀಟಿಯ ನಕಲು, ಮುಚ್ಚಳಿಕೆ ಪತ್ರ ಕೇಳುವುದು ರೂಢಿ. ಸಂಸ್ಥೆಯ ನಂಟಿಲ್ಲದ ಸ್ವತಂತ್ರ ಸಂಶೋಧಕರಿಗೆ ಇಲ್ಲೇ ಮೊದಲ ಎಡವಟ್ಟು. ಅವರು ಹಿಂದೆ ಪ್ರಕಟಿಸಿದ ಲೇಖನವೊಂದರ ಪ್ರತಿ ಮತ್ತು ಆ ವಿಷಯ ಬಲ್ಲ ಅಧ್ಯಾಪಕರೊಬ್ಬರ ಪರಿಚಯ ಪತ್ರ ಲಗತ್ತಿಸಿದರೆ ಬಾಗಿಲು ತೆರೆಯುವುದು ಸುಲಭ. ಪತ್ರ ತಲುಪಿದ ಮೇಲೆ ಆವಕ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ವಿಚಾರಣೆಯೆಲ್ಲ ಆ ಸಂಖ್ಯೆಯ ಮೇಲೆ ನಡೆಯುತ್ತದೆ.

ಚಿತ್ರ ಓದಲು ಬರಬೇಕು

ಪಿಪಿಐ ಎಂಬ ಅಂಕಿಗೆ ಯಾಕೆ ಇಷ್ಟು ಮಹತ್ವ ಎನ್ನುವುದಕ್ಕೆ ಒಂದು ನಿಜವಾದ ಅಳತೆ ತೆಗೆದುಕೊಳ್ಳೋಣ. ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಒಂದು ಓಲೆ ಪ್ರತಿಯನ್ನು ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ತಂಡ ಸುಮಾರು ಎರಡು ದಶಕಗಳ ಹಿಂದೆ ಚಿತ್ರೀಕರಿಸಿತು. ಸುಮಾರು 340 ಗರಿಗಳು, ಒಂದೊಂದೂ 26 ಇಂಚು ಉದ್ದ, 2 ಇಂಚು ಅಗಲ. ತಂಡ ಒಂದೇ ಏಟಿಗೆ ಗರಿಯ ಚಿತ್ರ ತೆಗೆಯದೆ ತುಂಡು ತುಂಡಾಗಿ ತೆಗೆದು ಗಣಕದಲ್ಲಿ ಹೊಲಿಯಿತು. ಅದಕ್ಕೆ ಕಾರಣ ಲೆಕ್ಕದಲ್ಲೇ ಇದೆ. 12 ಮೆಗಾಪಿಕ್ಸೆಲ್ ಫೋನಿನ ಚಿತ್ರದ ಅಗಲ ಸುಮಾರು 4,000 ಪಿಕ್ಸೆಲ್. 26 ಇಂಚಿಗೆ ಹಂಚಿದರೆ ಇಂಚಿಗೆ 154. ಗರಿಯ ಮೇಲೆ 3 ಮಿಲಿಮೀಟರ್ ಎತ್ತರದ ಅಕ್ಷರವಿದ್ದರೆ ಅದಕ್ಕೆ ಸಿಗುವುದು 18 ಪಿಕ್ಸೆಲ್. ಅಷ್ಟರಲ್ಲಿ ಒತ್ತಕ್ಷರ ಬಿಡಿ, ಪ, ಷ ಗಳ ನಡುವಿನ ಗೆರೆಯೇ ಕಾಣುವುದಿಲ್ಲ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 6,000 ಪಿಕ್ಸೆಲ್, ಇಂಚಿಗೆ 230. ಅದೇ ಕ್ಯಾಮೆರಾದಲ್ಲಿ ಗರಿಯನ್ನು 15 ಇಂಚಿನ ಎರಡು ಭಾಗವಾಗಿ, ನಡುವೆ 4 ಇಂಚು ಒಂದರ ಮೇಲೊಂದು ಬರುವಂತೆ ತೆಗೆದರೆ 400 ಸಿಗುತ್ತದೆ, ಅಕ್ಷರಕ್ಕೆ 47 ಪಿಕ್ಸೆಲ್. ಒಂದು–ಒಂದೂಕಾಲು ಅಡಿಯ ಸಾಧಾರಣ ಗರಿಗಾದರೆ ಈ ಗೋಜಿಲ್ಲ.

ಒಂದೇ ಚಿತ್ರದಲ್ಲಿ ಆರೇಳು ಗರಿ ಸಾಲಾಗಿಟ್ಟು ತೆಗೆಯುವ ಪದ್ಧತಿ ಕೆಲವೆಡೆ ಇದೆ. ಅದರಿಂದ ಸ್ಪಷ್ಟತೆ ಕೆಡುತ್ತದೆ ಎಂಬ ದೂರು ಪೂರ್ತಿ ಸರಿಯಲ್ಲ. ಗರಿಯ ಉದ್ದವೇ ಚಿತ್ರದ ಅಗಲವನ್ನು ನಿರ್ಧರಿಸುವುದರಿಂದ ಒಂದು ಗರಿ ಇಟ್ಟರೂ ಆರು ಇಟ್ಟರೂ ಇಂಚಿಗೆ ಸಿಗುವ ಪಿಕ್ಸೆಲ್ ಅಷ್ಟೇ. ನಿಜವಾದ ತೊಂದರೆ ಬೇರೆ: ಡೊಂಕಾದ ಗರಿಗಳೆಲ್ಲ ಒಂದೇ ಮಟ್ಟದಲ್ಲಿ ಕೂರದೆ ಕೆಲವು ಮಸುಕಾಗುತ್ತವೆ, ತಿರುವಿ ಹಾಕುವಾಗ ಕ್ರಮ ತಪ್ಪುತ್ತದೆ, ಕಡತದ ಹೆಸರಿನಲ್ಲಿ ಗರಿ ಸಂಖ್ಯೆ ಬರೆಯಲು ಆಗುವುದಿಲ್ಲ.

ಇನ್ನು ಬೆಳಕು. ಕಂಠದಿಂದ (ಗರಿಯ ಮೇಲೆ ಬರೆಯುವ ಮೊನೆ ಲೇಖನಿ) ಕೊರೆದ ಅಕ್ಷರಕ್ಕೆ ಮಸಿ ತುಂಬಿದ್ದರೆ ಮೇಲಿನಿಂದ ಬೀಳುವ ಸಾಧಾರಣ ಬೆಳಕು ಸಾಕು. ಮಸಿ ಹಾರಿಹೋದ, ಇಲ್ಲವೇ ತುಂಬದೇ ಬಿಟ್ಟ ಗರಿಗೆ ಅದೇ ಬೆಳಕು ಬಿದ್ದರೆ ಬರೀ ಕಂದು ಪಟ್ಟಿ ಕಾಣುತ್ತದೆ. ಒಂದು ಬದಿಯಿಂದ, ಗರಿಯ ಮಟ್ಟಕ್ಕೆ ಹತ್ತಿರದಲ್ಲಿ ಓರೆಯಾಗಿ ಬೆಳಕು ಬಿಟ್ಟಾಗ ಕೊರೆದ ಗೆರೆಯಲ್ಲಿ ನೆರಳು ನಿಂತು ಅಕ್ಷರ ಎದ್ದು ಬರುತ್ತದೆ. ಮಸಿ ಇಲ್ಲದ ಗರಿಗಳಿದ್ದರೆ ‘ಓರೆ ಬೆಳಕಿನಲ್ಲಿ’ ಎಂದು ಅರ್ಜಿಯಲ್ಲೇ ಹೇಳಬೇಕು. ಹೊಸದಾಗಿ ಎಣ್ಣೆ ಸವರಿದ ಗರಿಗಳು ಹೊಳೆಯುತ್ತವೆ, ಅಲ್ಲಿ ಪೋಲರೈಸಿಂಗ್ ಫಿಲ್ಟರ್ ಬೇಕು ಅಥವಾ ಎಣ್ಣೆ ಆರುವವರೆಗೆ ಕಾಯಬೇಕು.

ಕನ್ನಡ ಲಿಪಿಯಲ್ಲಿ ಎಚ್ಚರ ವಹಿಸಬೇಕಾದ ಒಂದು ಅಪಾಯವಿದೆ. ಗೆದ್ದಲು, ಹುಳು ಕೊರೆದ ತೂತು ಗಾತ್ರದಲ್ಲಿ ಸೊನ್ನೆಯಷ್ಟೇ ಇರುತ್ತದೆ. ಗರಿಯ ಕೆಳಗೆ ಕಪ್ಪು ಬಟ್ಟೆ ಹಾಸಿ ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ತೂತಿನಿಂದ ಕಪ್ಪು ಇಣುಕಿ ಅದು ಅನುಸ್ವಾರವಾಗಿ ಕೂರುತ್ತದೆ. ಹಳೆಯ ಜೆರಾಕ್ಸ್ ನೋಡಿ ಪಾಠ ಸಿದ್ಧಪಡಿಸುವವರು ಇಲ್ಲದ ಸೊನ್ನೆಯನ್ನು ಪಾಠಾಂತರವೆಂದು ದಾಖಲಿಸುವುದು ಹೀಗೆಯೇ. ಕೆಳಗೆ ಬೂದು ಅಥವಾ ತಿಳಿನೀಲಿ ಹಾಳೆ ಹಾಸಿ ಬಣ್ಣದ ಚಿತ್ರ ತೆಗೆದರೆ ತೂತು ತೂತಾಗಿಯೇ ಕಾಣುತ್ತದೆ. ‘ಪಿಡಿಎಫ್ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತೇವೆ’ ಎಂದರೆ ವಿನಯದಿಂದಲೇ ಬೇಡವೆನ್ನಿ. ಒತ್ತಿ ಕುಗ್ಗಿಸಿದ ಚಿತ್ರದಲ್ಲಿ ಈ ವ್ಯತ್ಯಾಸ ಮೊದಲು ಅಳಿಸಿಹೋಗುತ್ತದೆ.

ಟಿಫ್ ಕೇಳಿದಾಗ ಗಾತ್ರವೂ ನೆನಪಿರಲಿ. 24 ಮೆಗಾಪಿಕ್ಸೆಲ್‌ನ ಬಣ್ಣದ ಟಿಫ್ ಒಂದಕ್ಕೆ ಸುಮಾರು 72 ಎಂಬಿ. ಇನ್ನೂರು ಗರಿಯ ಕಟ್ಟಿಗೆ 400 ಬದಿ, ಅಂದರೆ ಹತ್ತಿರ ಹತ್ತಿರ 29 ಜಿಬಿ. ಹಳೆಯ ಪೆನ್‌ಡ್ರೈವ್‌ಗಳಲ್ಲಿ ಫ್ಯಾಟ್32 ಎಂಬ ಕಡತ ಜೋಡಣೆಯ ಪದ್ಧತಿ ಇದ್ದರೆ 4 ಜಿಬಿಗಿಂತ ದೊಡ್ಡ ಒಂಟಿ ಕಡತ ಕೂರುವುದಿಲ್ಲ, ಹಾಗಾಗಿ ಎಲ್ಲವನ್ನೂ ಒಂದೇ ಜಿಪ್ ಮಾಡಿ ನಕಲಿಸಲು ಹೋದ ಸಿಬ್ಬಂದಿ ‘ನಿಮ್ಮ ಡ್ರೈವ್ ಕೆಟ್ಟಿದೆ’ ಎನ್ನುತ್ತಾರೆ. ಡ್ರೈವನ್ನು ಮೊದಲೇ ಎಕ್ಸ್‌ಫ್ಯಾಟ್‌ಗೆ ಬದಲಿಸಿ, ವೈರಸ್ ಇಲ್ಲದ ಹೊಸದನ್ನೇ ಕೊಡಿ. ಬರೀ ಓದಲು ಸಾಕೆಂದರೆ ಹೆಚ್ಚು ಕುಗ್ಗಿಸದ ಜೆಪೆಗ್ ಧಾರಾಳ. ಟಿಫ್ ಬೇಕಾಗುವುದು ಮುದ್ರಣಕ್ಕೆ, ಇಲ್ಲವೇ ಸಂಸ್ಥೆಯ ಕಾಯಂ ದಾಖಲೆಗೆ.

ಹಳೆಯ ಮುದ್ರಿತ ಪುಸ್ತಕಗಳ ಕತೆ ಬೇರೆ. 19ನೇ ಶತಮಾನದ ಕೊನೆಯಿಂದ ಬಂದ ಮರದ ತಿರುಳಿನ ಕಾಗದದಲ್ಲಿ ಆಮ್ಲ ಹೆಚ್ಚು. ಅಂಚು ಹಪ್ಪಳದಂತೆ ಮುರಿಯುತ್ತದೆ. ಬದಿಹೊಲಿಗೆ ಹಾಕಿದ ಪುಸ್ತಕವನ್ನು ಜೆರಾಕ್ಸ್ ಗಾಜಿನ ಮೇಲೆ ಮಗುಚಿ ಒತ್ತಿದರೆ ಬೆನ್ನು ಸೀಳುತ್ತದೆ, ಇಷ್ಟಾಗಿಯೂ ಹೊಲಿಗೆಯ ಕಡೆಯ ಮೂರು ನಾಲ್ಕು ಅಕ್ಷರ ಕಾಣಿಸುವುದಿಲ್ಲ. ಹೀಗಾಗಿ ‘ಜೆರಾಕ್ಸ್ ಕೊಡುವುದಿಲ್ಲ’ ಎಂಬ ನಿಯಮದ ಮೇಲೆ ಸಿಡುಕುವುದರಲ್ಲಿ ಅರ್ಥವಿಲ್ಲ. ಪುಸ್ತಕವನ್ನು ‘ವಿ’ ಆಕಾರದ ತೊಟ್ಟಿಲಿನಲ್ಲಿ 90ರಿಂದ 120 ಡಿಗ್ರಿಯಷ್ಟೇ ತೆರೆದು ಮೇಲಿನಿಂದ ಚಿತ್ರ ತೆಗೆಯುವ ವ್ಯವಸ್ಥೆ ಇದೆಯೇ ಎಂದು ಕೇಳಿ. ಹೊದಿಕೆ, ಮುದ್ರಣಾಲಯದ ವಿವರದ ಪುಟ, ಕೊನೆಯ ಜಾಹೀರಾತು ಪುಟ – ಇವನ್ನು ಹೆಸರಿಸಿ ಕೇಳದಿದ್ದರೆ ‘ಪಠ್ಯವಲ್ಲ’ ಎಂದು ಬಿಟ್ಟುಬಿಡುತ್ತಾರೆ. ಪುಸ್ತಕದ ಬೆಲೆ, ಎಷ್ಟು ಪ್ರತಿ ಅಚ್ಚಾಯಿತು, ಅದೇ ಪ್ರಕಾಶಕರ ಬೇರೆ ಪುಸ್ತಕ ಯಾವುವು ಎಂಬುದೆಲ್ಲ ಸಿಗುವುದು ಅಲ್ಲೇ.

ಓದುಕೋಣೆಯಲ್ಲಿ ಸ್ವಂತ ಫೋನಿನಿಂದ ತೆಗೆಯಲು ಬಿಟ್ಟರೆ ಫ್ಲ್ಯಾಷ್ ಮತ್ತು ಕ್ಲಿಕ್ ಸದ್ದು ಎರಡನ್ನೂ ಆರಿಸಿ, ಪ್ರತಿ ಕಟ್ಟಿನ ಮೊದಲ ಚಿತ್ರವಾಗಿ ಹಸ್ತಪ್ರತಿ ಸಂಖ್ಯೆ ಬರೆದ ಚೀಟಿಯ ಚಿತ್ರ ತೆಗೆಯಿರಿ. ಪೆನ್ನು ಹೊರಗೆ, ಪೆನ್ಸಿಲ್ ಒಳಗೆ. ಬಿಳಿ ಕೈಗವಸು ಹಾಕುವುದು ಸಿನಿಮಾ ಅಭ್ಯಾಸ: ಕಾಗದ, ಗರಿಗಳಿಗೆ ತೊಳೆದು ಒರೆಸಿದ ಬರಿಗೈಯೇ ಮೇಲು, ಯಾಕೆಂದರೆ ಗವಸಿನ ನೂಲು ಗರಿಯ ಸಿಬಿರಿಗೆ ಸಿಕ್ಕಿಕೊಂಡು ಅಂಚು ಕಿತ್ತುಬರುತ್ತದೆ. ಗವಸು ಬೇಕಾಗುವುದು ಹಳೆಯ ಛಾಯಾಚಿತ್ರಗಳಿಗೆ. ಗರಿಯನ್ನು ಒಂದು ತುದಿಯಲ್ಲಿ ಹಿಡಿದೆತ್ತದೆ, ಎರಡೂ ಕೈಯಿಂದ ಉದ್ದಕ್ಕೂ ಆಸರೆ ಕೊಟ್ಟು ತಿರುವಿ.

ಹಕ್ಕು ಯಾರದು, ಷರತ್ತು ಯಾರದು

ಇಲ್ಲಿ ಎರಡು ಸಂಗತಿ ಬೆರೆತುಹೋಗುತ್ತವೆ. ಕೃತಿಯ ಹಕ್ಕುಸ್ವಾಮ್ಯ ಒಂದು; ವಸ್ತುವಿನ ಒಡೆತನ ಇನ್ನೊಂದು. ಹನ್ನೆರಡನೇ ಶತಮಾನದ ಪಠ್ಯಕ್ಕೆ ಹಕ್ಕುಸ್ವಾಮ್ಯವಿಲ್ಲ. ಆದರೆ ಆ ಗರಿ ಮಠದ್ದೋ ವಿಶ್ವವಿದ್ಯಾಲಯದ್ದೋ ಆಗಿರುವುದರಿಂದ ನೋಡಲು, ನಕಲಿಸಲು ಷರತ್ತು ಹಾಕುವ ಅಧಿಕಾರ ಅವರಿಗಿದೆ. ನೀವು ಸಹಿ ಹಾಕುವ ಮುಚ್ಚಳಿಕೆ ಒಂದು ಒಪ್ಪಂದ. ‘ಹಕ್ಕುಸ್ವಾಮ್ಯ ಇಲ್ಲವಲ್ಲ’ ಎಂಬ ವಾದ ಆ ಸಹಿಯ ಮುಂದೆ ನಿಲ್ಲುವುದು ಕಷ್ಟ. ಆದ್ದರಿಂದ ಸಹಿಗೆ ಮೊದಲೇ ಓದಿ: ಪಠ್ಯವನ್ನು ಪ್ರಕಟಿಸಲು ಅನುಮತಿ ಬೇಕೆ, ಚಿತ್ರವನ್ನು ಪ್ರಕಟಿಸಲು ಮಾತ್ರವೇ? ಅಚ್ಚಾದ ಪುಸ್ತಕದ ಎಷ್ಟು ಪ್ರತಿ ಕೊಡಬೇಕು? ಸಹಸಂಶೋಧಕರಿಗೆ ಚಿತ್ರ ತೋರಿಸಬಹುದೇ?

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಸಂಶೋಧಕರಿಗೆ ಸಾಕಷ್ಟು ಅನುಕೂಲವಾಗಿಯೇ ಇದೆ. 52ನೇ ಕಲಮಿನ (1)(ಪಿ) ಪ್ರಕಾರ, ಸಾರ್ವಜನಿಕರಿಗೆ ಪ್ರವೇಶವಿರುವ ಗ್ರಂಥಾಲಯದಲ್ಲಿರುವ ಅಪ್ರಕಟಿತ ಕೃತಿಯನ್ನು ಸಂಶೋಧನೆಗೆ, ಖಾಸಗಿ ಅಧ್ಯಯನಕ್ಕೆ, ಪ್ರಕಟಣೆಯ ಉದ್ದೇಶಕ್ಕೂ ನಕಲಿಸಬಹುದು. ಲೇಖಕರು ಯಾರೆಂದು ಗ್ರಂಥಾಲಯಕ್ಕೆ ಗೊತ್ತಿದ್ದರೆ ಅವರು ತೀರಿಕೊಂಡು 60 ವರ್ಷ ಮೀರಿರಬೇಕು. ಅದೇ ಕಲಮಿನ (ಓ) ಪ್ರಕಾರ ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕದ ಮೂರು ಪ್ರತಿಗಳವರೆಗೆ ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ ಮಾಡಿಸಿಕೊಳ್ಳಬಹುದು. ಅಂದರೆ ನಿಮ್ಮ ಕಾಲೇಜಿನ ಗ್ರಂಥಾಲಯ ಕೇಳಿದರೆ ನೀವೊಬ್ಬರೇ ಕೇಳುವುದಕ್ಕಿಂತ ದಾರಿ ಸಲೀಸಾಗಬಹುದು.

ಪ್ರಕಟಿತ ಕೃತಿಗೆ ಲೇಖಕರ ಮರಣದ ಮುಂದಿನ ವರ್ಷದ ಜನವರಿಯಿಂದ 60 ವರ್ಷ ಎಣಿಸಬೇಕು. ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ, ಹಾಗಾಗಿ ಅವರು ಬದುಕಿದ್ದಾಗ ಅಚ್ಚಾದದ್ದು 2024ರ ಜನವರಿ 1ರಿಂದ ಮುಕ್ತ. ಡಿವಿಜಿಯವರದು (1975) 2035ರ ಕೊನೆಯವರೆಗೆ ಕಾಯಬೇಕು. ಜನ ಮರೆಯುವುದು 24ನೇ ಕಲಮನ್ನು: ಲೇಖಕರ ಮರಣಾನಂತರ ಮೊದಲ ಸಲ ಪ್ರಕಟವಾದ ಕೃತಿಗೆ 60 ವರ್ಷದ ಎಣಿಕೆ ಪ್ರಕಟಣೆಯಿಂದ ಶುರು. ಹಾಗೆಯೇ ಪ್ರಾಚೀನ ಕಾವ್ಯ ಮುಕ್ತವಾಗಿದ್ದರೂ ಆಧುನಿಕ ಸಂಪಾದಕರ ಪ್ರಸ್ತಾವನೆ, ಟಿಪ್ಪಣಿಗಳು ಅವರವು. ಬರೀ ಬೆವರು ಸುರಿಸಿದ್ದಕ್ಕೆ ಹಕ್ಕುಸ್ವಾಮ್ಯ ಹುಟ್ಟುವುದಿಲ್ಲ, ಒಂದಿಷ್ಟಾದರೂ ಸೃಜನಶೀಲತೆ ಇರಬೇಕು ಎಂದು ಸುಪ್ರೀಂ ಕೋರ್ಟ್ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ 2007ರ ಡಿಸೆಂಬರ್‌ನಲ್ಲಿ ಹೇಳಿದೆ. ಗರಿಯನ್ನು ಇದ್ದ ಹಾಗೆ ಸ್ಕ್ಯಾನ್ ಮಾಡಿ ಅದರ ಮೇಲೆ ‘ಹಕ್ಕುಗಳು ನಮ್ಮವು’ ಎಂದು ಮುದ್ರೆ ಒತ್ತುವ ಸಂಸ್ಥೆಗಳು ಆ ತೀರ್ಪನ್ನು ಓದಿಕೊಳ್ಳುವುದು ಒಳ್ಳೆಯದು.

ಬ್ರಿಟನ್ನಿನಲ್ಲಿ ಲೆಕ್ಕ ತಿರುವುಮುರುವು. 1969ಕ್ಕೆ ಮೊದಲು ತೀರಿಕೊಂಡ ಲೇಖಕರ ಬರಹ 1989ರ ಆಗಸ್ಟ್‌ವರೆಗೂ ಅಪ್ರಕಟಿತವಾಗಿಯೇ ಉಳಿದಿದ್ದರೆ ಅದರ ಹಕ್ಕು ಸಾಮಾನ್ಯವಾಗಿ 2039ರ ಕೊನೆಯವರೆಗೆ ಜೀವಂತ. ಇನ್ನೂರು ವರ್ಷ ಹಿಂದಿನ ಕಂಪನಿ ಅಧಿಕಾರಿಯ ಖಾಸಗಿ ಪತ್ರಕ್ಕೂ ಇದು ಅನ್ವಯಿಸಬಹುದು. ಮೈಸೂರು ಯುದ್ಧಗಳ ಕಾಲದ ಪತ್ರಗಳನ್ನು ಉದ್ದಕ್ಕೆ ಎತ್ತಿ ಅಚ್ಚು ಹಾಕುವವರು ಲಂಡನ್ನಿನಿಂದ ಪ್ರತಿ ತರಿಸುವಾಗಲೇ ಇದನ್ನು ಕೇಳಿ ಬಗೆಹರಿಸಿಕೊಳ್ಳಬೇಕು.

ಬ್ರಿಟಿಷ್ ಲೈಬ್ರರಿಯ ಓದುಗರ ಪಾಸ್ ಉಚಿತ; ಗುರುತಿನ ದಾಖಲೆ, ಮನೆ ವಿಳಾಸದ ದಾಖಲೆ ಎರಡೂ ಬೇಕು. ಏಷ್ಯಾ-ಆಫ್ರಿಕಾ ಅಧ್ಯಯನ ಕೋಣೆಯಲ್ಲಿ ಬಹುಪಾಲು ಸಾಮಗ್ರಿಯ ಚಿತ್ರವನ್ನು ಸ್ವಂತ ಅಧ್ಯಯನಕ್ಕೆ ನೀವೇ ತೆಗೆದುಕೊಳ್ಳಬಹುದು. ಕೆಲವು ಸಂಪುಟಗಳು ಯಾರ್ಕ್‌ಶೈರ್‌ನ ಬಾಸ್ಟನ್ ಸ್ಪಾ ಉಗ್ರಾಣದಿಂದ ಬರಬೇಕು, ಅದಕ್ಕೆ ಮುಂಗಡವಾಗಿ ಕೋರಿಕೆ ಹಾಕದೆ ನಾಲ್ಕು ದಿನದ ಪ್ರವಾಸಕ್ಕೆ ಹೋದರೆ ಬರಿಗೈ. ಅಲ್ಲಿರುವ ಕನ್ನಡಿಗ ಗೆಳೆಯರಿಂದ ತೆಗೆಸಿಕೊಳ್ಳುವ ದಾರಿ ಅಗ್ಗವಾಗಿ ಕಾಣುತ್ತದೆ, ಆದರೆ ‘ಸ್ವಂತ ಅಧ್ಯಯನಕ್ಕೆ’ ಎಂಬ ಷರತ್ತು ಪಾಸ್ ಪಡೆದವರ ಮೇಲಿದೆ. ಅವರನ್ನು ಮುಜುಗರಕ್ಕೆ ಸಿಲುಕಿಸುವ ಮೊದಲು ಗ್ರಂಥಾಲಯಕ್ಕೇ ಬರೆದು ಕೇಳುವುದು ಲೇಸು.

ಒಂದೇ ಕಡೆ ಇಟ್ಟದ್ದು

2023ರ ಅಕ್ಟೋಬರ್ ಕೊನೆಯಲ್ಲಿ ಅದೇ ಬ್ರಿಟಿಷ್ ಲೈಬ್ರರಿಯ ಗಣಕಜಾಲಕ್ಕೆ ರೈಸಿಡಾ ಎಂಬ ಸುಲಿಗೆಕೋರರ ಗುಂಪು ನುಗ್ಗಿತು. 20 ಬಿಟ್‌ಕಾಯಿನ್ ಕೇಳಿತು, ಗ್ರಂಥಾಲಯ ಕೊಡಲಿಲ್ಲ, ಸುಮಾರು 600 ಜಿಬಿ ಕಡತಗಳು ಬೀದಿಗೆ ಬಿದ್ದವು. ಸೂಚಿಯನ್ನು ಹುಡುಕುವಷ್ಟಾದರೂ ಸಾಧ್ಯವಾದದ್ದು 2024ರ ಜನವರಿ 15ರಂದು. ಡಿಜಿಟಲ್ ಹಸ್ತಪ್ರತಿಗಳು ಮತ್ತೆ ಕಾಣಲು ಇನ್ನೂ ಬಹಳ ಕಾಲ ಹಿಡಿಯಿತು. ಅಡಿಟಿಪ್ಪಣಿಯಲ್ಲಿ ಜಾಲತಾಣದ ಕೊಂಡಿ ಮಾತ್ರ ಕೊಟ್ಟಿದ್ದ ಪ್ರಬಂಧಗಳ ಆಧಾರಗಳು ಆ ಅವಧಿಯಲ್ಲಿ ಪರೀಕ್ಷಿಸಲಾಗದ ಮಾತುಗಳಾದವು. ಹಸ್ತಪ್ರತಿ ಸಂಖ್ಯೆ ಮತ್ತು ಗರಿ ಸಂಖ್ಯೆ ಬರೆದಿದ್ದವರಿಗೆ ಆ ಕಷ್ಟವಿರಲಿಲ್ಲ, ಕಟ್ಟು ಕಪಾಟಿನಲ್ಲೇ ಇತ್ತು. ನಮ್ಮಲ್ಲಿ ಎಲ್ಲ ಸ್ಕ್ಯಾನ್‌ಗಳನ್ನೂ ದೆಹಲಿಯ ಒಂದೇ ಪೋರ್ಟಲ್‌ಗೆ ಸೇರಿಸುವ ಮಾತು ನಡೆದಿರುವಾಗ, ಕಟ್ಟಿನ ಒಡೆಯರಾದ ಸಂಸ್ಥೆಗೂ ಒಂದು ಪೂರ್ಣ ಪ್ರತಿ ಉಳಿಯುತ್ತದೆಯೇ, ಅದನ್ನು ಓದುಗರಿಗೆ ಕೊಡುವ ಅಧಿಕಾರ ಅದಕ್ಕಿರುತ್ತದೆಯೇ ಎಂದು ಒಪ್ಪಂದದಲ್ಲೇ ಬರೆಸಿಕೊಳ್ಳುವುದು ಕ್ಯಾಮೆರಾ ಕೊಳ್ಳುವುದಕ್ಕಿಂತ ಮುಖ್ಯ.

ಬಾಗಿಲು ಹಾಕಿಬಿಟ್ಟರೆ ಕಾಪಾಡಿದಂತೆ ಎಂಬ ವಾದಕ್ಕೆ ಮೂಡಬಿದಿರೆಯ ಚರಿತ್ರೆಯೇ ಉತ್ತರ. ಧವಲಾ, ಜಯಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳ ಹಳಗನ್ನಡ ಲಿಪಿಯ ಓಲೆ ಪ್ರತಿಗಳು ಶತಮಾನಗಳ ಕಾಲ ಅಲ್ಲಿನ ಬಸದಿಯಲ್ಲಿ ದರ್ಶನಕ್ಕಷ್ಟೇ ಇದ್ದವು. 1896ರಲ್ಲಿ ನಕಲು ಮಾಡುವ ಕೆಲಸ ಶುರುವಾಯಿತು, ಪ್ರತಿ ಹೊರಗೆ ಹೋಗಕೂಡದೆಂಬ ಕಟ್ಟಳೆಯೊಂದಿಗೆ. ನಕಲು ಮಾಡುತ್ತಿದ್ದವರೊಬ್ಬರು ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಮಾಡಿಕೊಂಡರು, ಅದು ಸಹಾರನ್‌ಪುರ ಸೇರಿತು. ಅಲ್ಲಿ ಅದರಿಂದ ನಾಗರಿ ಪ್ರತಿ ತೆಗೆದವರೂ ಗುಟ್ಟಾಗಿ ಮತ್ತೊಂದು ಮಾಡಿಕೊಂಡರು. 1939ರಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾದಾಗ ಸಂಪಾದಕರ ಕೈಯಲ್ಲಿದ್ದದ್ದು ನಕಲಿನ ನಕಲಿನ ನಕಲು. ಮೂಲ ಗರಿಗಳ ಜೊತೆ ತಾಳೆ ನೋಡುವ ಅವಕಾಶ ಬಂದದ್ದು ಆಮೇಲೆ. ನಿರ್ಬಂಧದಿಂದ ನಕಲು ನಿಲ್ಲಲಿಲ್ಲ, ಕೆಟ್ಟ ನಕಲು ಹರಡಿತು. ಇವತ್ತು ಯಾರದೋ ಫೋನಿನಲ್ಲಿ ಕದ್ದು ತೆಗೆದ ಮಸುಕು ಪಿಡಿಎಫ್‌ಗಳು ಸಂಶೋಧಕರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುವುದಕ್ಕೂ ಅದೇ ಕಾರಣ.

ಉತ್ತರವೇ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತೇನೆ ಎನ್ನುವವರಿಗೆ ಒಂದು ಮಾತು. ಚಿತ್ರಗಳನ್ನೇ ಆ ದಾರಿಯಲ್ಲಿ ಪಡೆಯುವುದು ಸುಲಭವಲ್ಲ: ದಾಖಲೆಯ ಸುರಕ್ಷತೆಗೆ ಧಕ್ಕೆಯಾಗುವುದಾದರೆ ಕೇಳಿದ ರೂಪದಲ್ಲಿ ಕೊಡಬೇಕಿಲ್ಲ ಎಂದು 2005ರ ಕಾಯ್ದೆಯ 7(9) ಹೇಳುತ್ತದೆ, ಬೇರೆಯವರ ಹಕ್ಕುಸ್ವಾಮ್ಯವಿದ್ದರೆ 9ನೇ ಕಲಮು ಅಡ್ಡ ಬರುತ್ತದೆ. ಆದರೆ ನಕಲು ಕೊಡುವ ನಿಯಮಾವಳಿಯ ಪ್ರತಿ, ದರಪಟ್ಟಿ, ನಿಮ್ಮ ಅರ್ಜಿಯ ಕಡತದ ಟಿಪ್ಪಣಿ ಹಾಳೆ – ಇವನ್ನು ವಿಶ್ವವಿದ್ಯಾಲಯದ ಸಂಸ್ಥೆ ಕೊಡಬೇಕಾಗುತ್ತದೆ, ಸಾಮಾನ್ಯವಾಗಿ 30 ದಿನದೊಳಗೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಶುಲ್ಕ 10 ರೂಪಾಯಿ. ಬರಹದ ನಿಯಮವೇ ಇಲ್ಲ ಎಂಬ ಉತ್ತರ ಬಂದರೂ ಅದು ಉಪಯೋಗಕ್ಕೆ ಬರುತ್ತದೆ, ಕುಲಸಚಿವರಿಗೆ ಮುಂದಿನ ಪತ್ರ ಬರೆಯಲು.

ಚಿತ್ರಗಳು ಬಂದ ದಿನವೇ ಕೂತು ಪರಿಶೀಲಿಸಿ, ಯಾಕೆಂದರೆ ಕಟ್ಟನ್ನು ಮತ್ತೆ ಬಿಗಿದು ಒಳಗಿಟ್ಟ ಮೇಲೆ ಎರಡನೇ ಸಲ ಬಿಚ್ಚಿಸುವುದು ಹೊಸ ಅರ್ಜಿಯಷ್ಟೇ ಕಷ್ಟ. ಮೊದಲು ಎಣಿಕೆ: ಗರಿಗಳ ದುಪ್ಪಟ್ಟು ಚಿತ್ರ ಇವೆಯೇ? ಆಮೇಲೆ ಪ್ರತಿ ಗರಿಯ ಎಡ, ನಡು, ಬಲ ಮೂರೂ ಕಡೆ ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡಿ. ನಡುವೆ ಸ್ಪಷ್ಟ, ತುದಿಗಳಲ್ಲಿ ಮಸುಕು ಎಂಬುದು ಡೊಂಕು ಗರಿಯ ಮಾಮೂಲಿ ರೋಗ. ದಾರದ ತೂತಿನ ಸುತ್ತ ದಾರವನ್ನು ಬಿಚ್ಚದೆಯೇ ಚಿತ್ರ ತೆಗೆದಿದ್ದರೆ ಅಕ್ಷರ ಮುಚ್ಚಿಹೋಗಿರುತ್ತದೆ. ಕೊರತೆಗಳನ್ನು ಗರಿ ಸಂಖ್ಯೆ, ಬದಿ, ಕಡತದ ಹೆಸರು ಸಹಿತ ಒಂದೇ ಪತ್ರದಲ್ಲಿ ಬರೆದು, ರಸೀದಿ ಸಂಖ್ಯೆ ನಮೂದಿಸಿ ಅದೇ ವಾರ ಕಳಿಸಿ. ಮೂಲ ಕಡತಗಳ ಹೆಸರು ಬದಲಿಸದೆ ಒಂದು ಡ್ರೈವ್‌ನಲ್ಲಿ ಹಾಗೆಯೇ ಇಟ್ಟು, ಓದಿಗೆ ಬೇರೆ ಪ್ರತಿ ಮಾಡಿಕೊಳ್ಳಿ. ಕಟ್ಟಿನೊಳಗೆ ಸೂಚಿಯಲ್ಲಿಲ್ಲದ ಕೃತಿ ಸಿಕ್ಕರೆ ಅದರ ಆದಿ, ಅಂತ್ಯದ ಸಾಲುಗಳನ್ನೂ ಗರಿ ಸಂಖ್ಯೆಯನ್ನೂ ಒಂದು ಹಾಳೆಯಲ್ಲಿ ಬರೆದು ಗ್ರಂಥಪಾಲಕರಿಗೆ ಕಳಿಸಿಕೊಡಿ, ಸೂಚಿಗೆ ಸೇರಿಸಿಕೊಳ್ಳುತ್ತಾರೆ.